ನಮ್ಮ ಹೊಲಕ್ಕೆ ಕಂಪನಿ ಬಂದದ್ದು ಯಾವಾಗ?

ಬಸ್ಸಲ್ಲಿದ್ದೀರೋ, ಹಾಸ್ಟೆಲ್ಲಲ್ಲಿದ್ದೀರೋ, ಇಯರ್‌ಫೋನ್ ಹಾಕಿಕೊಂಡು ಹೊಲದಾಗ ನೀರು ಹಾಯಿಸ್ತಿದ್ದೀರೋ ಗೊತ್ತಿಲ್ಲ. ಇವತ್ತು ಮಾತಾಡೋದು ಒಂದು ಖಾಲಿ ಚೀಲದ ಬಗ್ಗೆ.

ಹೋದ ತಿಂಗಳು ಊರಿಗೆ ಹೋಗಿದ್ದೆ. ಹಿರೇಕೆರೂರು ತಾಲ್ಲೂಕಿನ ಸಣ್ಣ ಊರು ನಮ್ಮದು. ಅಟ್ಟದ ಮೇಲೆ ಗೋವಿನಜೋಳದ ಬೀಜದ ಖಾಲಿ ಚೀಲಗಳ ಒಂದು ಗಂಟು ಇತ್ತು. ಅಪ್ಪ ಯಾವುದನ್ನೂ ಎಸೆಯೋದಿಲ್ಲ. ಅವನ್ನ ಒಂದೊಂದಾಗಿ ಬಿಚ್ಚಿ ನೋಡಿದರೆ, ಅಂಗಡಿ ಅದೇ, ಹೊಲ ಅದೇ, ಆದರೆ ಚೀಲದ ಮೇಲಿನ ಕಂಪನಿ ಹೆಸರು ಮಾತ್ರ ಬದಲಾಗುತ್ತಾ ಬಂದಿದೆ. ಬಿ.ಕಾಂ.ನಲ್ಲಿ ಬಹುರಾಷ್ಟ್ರೀಯ ಕಂಪನಿ ಅಂತ ಒಂದು ಪಾಠ ಓದಿದ್ದೆ. ಆಗ ಮನಸ್ಸಿಗೆ ಬಂದದ್ದು ಗಾಜಿನ ಕಟ್ಟಡ, ಟೈ ಕಟ್ಟಿದ ಜನ. ನಮ್ಮ ಅಟ್ಟ ನೆನಪಾಗಿರಲಿಲ್ಲ.

ಇಂಗ್ಲಿಷಿನಲ್ಲಿ ಕಂಪನಿಗಳಿಗೆ 'ಮಲ್ಟಿನ್ಯಾಷನಲ್' ಅನ್ನೋ ಪದ ಬಳಕೆಗೆ ಬಂದದ್ದು 1960ರಲ್ಲಿ. ಡೇವಿಡ್ ಲಿಲಿಯೆಂಥಾಲ್ ಅನ್ನುವವರು ಮೊದಲು ಬಳಸಿದರು ಅಂತ ಹೇಳ್ತಾರೆ. ಪದ ಹೊಸದು, ಸಂಗತಿ ಹಳೆಯದು. ಇಂಗ್ಲಿಷರು ಕಾರವಾರದ ಹತ್ತಿರ ಕೋಠಿ ಹಾಕಿದ್ದು 1638ರಲ್ಲಿ. ಅಲ್ಲಿಂದ ಬಟ್ಟೆ ಕೊಳ್ಳೋಕೆ ಘಟ್ಟ ಹತ್ತಿ ಹುಬ್ಬಳ್ಳಿಗೆ ಬಂದರು. 1673ರಲ್ಲಿ ಶಿವಾಜಿಯ ಸೈನ್ಯ ಹುಬ್ಬಳ್ಳಿಯನ್ನ ಲೂಟಿ ಮಾಡಿದಾಗ ಇಂಗ್ಲಿಷರ ಕೋಠಿಯೂ ಹೋಯಿತು. ಆ ಕಾಲದಲ್ಲಿ ಇಂಥ ಕಂಪನಿಗಳು ದೇಶದ ತುಂಬ ನಡೆಸಿದ ವ್ಯಾಪಾರದ ರೀತಿ ಗಮನಿಸಿ: ಮಗ್ಗ ನೇಕಾರನದು, ಮನೆ ನೇಕಾರನದು. ಕಂಪನಿ ಕೊಡೋದು ಮುಂಗಡ. ಮಧ್ಯದಲ್ಲಿ ಒಬ್ಬ ಊರಿನ ದಲ್ಲಾಳಿ. ಈ ದಲ್ಲಾಳಿಯನ್ನ ನೆನಪಿಟ್ಟುಕೊಳ್ಳಿ, ಮತ್ತೆ ಬರ್ತಾನೆ.

ಬೀಜದ ಕಥೆ ಶುರುವಾಗೋದು 1840ರ ಸುಮಾರಿಗೆ. ಮ್ಯಾಂಚೆಸ್ಟರ್ ಗಿರಣಿಗಳಿಗೆ ಉದ್ದ ಎಳೆಯ ಹತ್ತಿ ಬೇಕಿತ್ತು. ಈಸ್ಟ್ ಇಂಡಿಯಾ ಕಂಪನಿ ಅಮೆರಿಕದಿಂದ ಹತ್ತಿ ಬೆಳೆಗಾರರನ್ನೇ ಕರೆಸಿತು. ನ್ಯೂ ಆರ್ಲಿಯನ್ಸ್ ಬೀಜ ತರಿಸಿ ಬೇರೆ ಬೇರೆ ಕಡೆ ಬಿತ್ತಿ ನೋಡಿದರು. ಬಹಳ ಕಡೆ ಸೋತಿತು. ಚೆನ್ನಾಗಿ ಬೇರೂರಿದ್ದು ನಮ್ಮ ಹಳೇ ಧಾರವಾಡ ಜಿಲ್ಲೆಯಲ್ಲಿ. ಅದಕ್ಕೆ 'ಧಾರವಾಡ ಅಮೆರಿಕನ್' ಅಂತಲೇ ಹೆಸರು ಬಿತ್ತು. (ಹಾವೇರಿ ಬೇರೆ ಜಿಲ್ಲೆ ಆದದ್ದು 1997ರಲ್ಲಿ, ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಎಲ್ಲಾ ಅಲ್ಲಿವರೆಗೆ ಧಾರವಾಡದ್ದೇ.) 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಗಿ ಅಲ್ಲಿನ ಹತ್ತಿ ನಿಂತಾಗ ಇಲ್ಲಿನ ದರ ಮುಗಿಲಿಗೆ ಹೋಯಿತು. 1865ರಲ್ಲಿ ಯುದ್ಧ ಮುಗಿಯಿತು, ದರ ಧೊಪ್ಪನೆ ಬಿತ್ತು. ಎಲ್ಲೋ ನಡೆದ ಯುದ್ಧಕ್ಕೆ ನಮ್ಮ ಎರೆಹೊಲದ ರೈತ ಸಾಲಗಾರ ಆಗಬಹುದು ಅನ್ನೋದು ಈ ಭಾಗಕ್ಕೆ ಆವಾಗಲೇ ಗೊತ್ತಾಗಿತ್ತು.

ಬೀಜ ಪರದೇಶದಿಂದ ಬರೋದೇ ತಪ್ಪು ಅಂತ ನಾನು ಹೇಳ್ತಿಲ್ಲ. ಸವಣೂರಿನ ಮಠದಲ್ಲಿರೋ ದೊಡ್ಡಹುಣಸೆ ಮರಗಳನ್ನ ನೋಡಿದ್ದೀರಲ್ಲ, ಅವುಗಳ ಮೂಲ ಆಫ್ರಿಕಾ. ನಾವು ತಿನ್ನೋ ಮೆಣಸಿನಕಾಯಿ, ಗೋವಿನಜೋಳ ಎರಡೂ ಅಮೆರಿಕ ಖಂಡದವು. ಆದರೆ ಅವೆಲ್ಲ ಒಂದು ಸಲ ಬಂದ ಮೇಲೆ ನಮ್ಮವಾದವು. ಧಾರವಾಡ ಅಮೆರಿಕನ್ ಹತ್ತಿ ಬೀಜವನ್ನೂ ರೈತ ಮರುವರ್ಷಕ್ಕೆ ಇಟ್ಟುಕೊಳ್ಳಬಹುದಿತ್ತು.

ಹೈಬ್ರಿಡ್ ಬಂದಾಗ ಆ ಲೆಕ್ಕ ಬದಲಾಯಿತು. ಎರಡು ಬೇರೆ ತಳಿ ಕೂಡಿಸಿ ಮಾಡಿದ ಬೀಜ ಮೊದಲ ಬೆಳೆಯಲ್ಲಿ ಭರ್ಜರಿ ಇಳುವರಿ ಕೊಡ್ತದೆ. ಆ ಬೆಳೆಯ ಕಾಳನ್ನೇ ಮತ್ತೆ ಬಿತ್ತಿದರೆ ಒಂದು ಎತ್ತರ, ಒಂದು ಗಿಡ್ಡ, ಇಳುವರಿ ಇಲ್ಲ. ಅಂದರೆ ಪ್ರತಿ ವರ್ಷ ಅಂಗಡಿಗೆ ಹೋಗಲೇಬೇಕು. ಅಮೆರಿಕದ ಅಯೋವಾದಲ್ಲಿ ಹೆನ್ರಿ ವ್ಯಾಲೇಸ್ 1926ರಲ್ಲಿ ಹೈಬ್ರಿಡ್ ಗೋವಿನಜೋಳದ ಕಂಪನಿ ಕಟ್ಟಿದ್ದು ಇದೇ ಗುಟ್ಟಿನ ಮೇಲೆ. ಅದೇ ಮುಂದೆ ಪಯೋನಿಯರ್ ಆಯಿತು.

ನಮ್ಮ ಕಡೆ ಹೈಬ್ರಿಡ್ ಮೊದಲು ಬಂದದ್ದು ಕಂಪನಿಯಿಂದಲ್ಲ, ಸರ್ಕಾರದ ವಿಜ್ಞಾನಿಗಳಿಂದ. ಧಾರವಾಡದ ಸಂಶೋಧನಾ ಕೇಂದ್ರದಲ್ಲಿ ಡಾ. ಬಿ.ಎಚ್. ಕಟರಕಿ ಅವರು 1972ರಲ್ಲಿ 'ವರಲಕ್ಷ್ಮಿ' ಹತ್ತಿ ಕೊಟ್ಟರು. ಆಮೇಲೆ 1981ರಲ್ಲಿ ಡಿ.ಸಿ.ಎಚ್. 32, ಅಂದರೆ 'ಜಯಲಕ್ಷ್ಮಿ'. ಈ ಹೈಬ್ರಿಡ್ ಬೀಜ ಮಾಡೋದು ಯಂತ್ರದ ಕೆಲಸ ಅಲ್ಲ. ಸಂಜೆ ಹೊತ್ತು ಹೆಣ್ಣು ಸಾಲಿನ ಮೊಗ್ಗು ಬಿಡಿಸಿ ಕೇಸರ ತೆಗೀಬೇಕು. ಮರುದಿನ ಮುಂಜಾನೆ ಗಂಡು ಗಿಡದ ಹೂವು ತಂದು ಒಂದೊಂದಕ್ಕೂ ಮುಟ್ಟಿಸಬೇಕು. ಹಂಗಾಮು ಮುಗಿಯುವವರೆಗೂ ಇದೇ ಕೆಲಸ. ನಮ್ಮ ಜನ ಇದಕ್ಕೆ 'ಕ್ರಾಸಿಂಗ್' ಅಂತಾರೆ, ಹೊಲಕ್ಕೆ 'ಸೀಡ್ಸ್ ಪ್ಲಾಟ್' ಅಂತಾರೆ. ರಾಣೆಬೆನ್ನೂರು ಬೀಜದ ಪೇಟೆಯಾಗಿ ಬೆಳೆದದ್ದು, ಸುತ್ತಲಿನ ತಾಲ್ಲೂಕುಗಳ ಹೊಲ ಬೀಜದ ಹೊಲ ಆದದ್ದು ಈ ಕೈಚಳಕದಿಂದ.

1988ರಲ್ಲಿ ಕೇಂದ್ರದ ಹೊಸ ಬೀಜ ನೀತಿ ಬಂತು. ಪರದೇಶದ ಬೀಜ ಕಂಪನಿಗಳಿಗೆ ಬಾಗಿಲು ತೆರೀತು. 1991ರ ಕೊನೆಗೆ ಡಂಕೆಲ್ ಪ್ರಸ್ತಾವ. ಆವಾಗ ಪ್ರೊ. ಎಂ.ಡಿ. ನಂಜುಂಡಸ್ವಾಮಿ ಅವರ ರಾಜ್ಯ ರೈತ ಸಂಘ ಎದ್ದು ನಿಂತಿತು. 1992ರ ಡಿಸೆಂಬರ್‌ನಲ್ಲಿ ಬೆಂಗಳೂರಿನ ಕಾರ್ಗಿಲ್ ಬೀಜ ಕಂಪನಿಯ ಕಚೇರಿಗೆ ನುಗ್ಗಿ ಕಡತ ಹೊರಗೆ ಹಾಕಿ ಸುಟ್ಟರು. 1993ರ ಜುಲೈನಲ್ಲಿ ಬಳ್ಳಾರಿಯಲ್ಲಿ ಕಟ್ಟುತ್ತಿದ್ದ ಅದರ ಘಟಕ ಒಡೆದರು. 1998ರ ನವೆಂಬರ್‌ನಲ್ಲಿ ರಾಯಚೂರು ಜಿಲ್ಲೆಯ ಒಂದು ಹೊಲದಲ್ಲಿ ಮೊನ್ಸಾಂಟೋದ ಪ್ರಯೋಗದ ಹತ್ತಿಗೆ ಬೆಂಕಿ ಹಚ್ಚಿದರು. ಜಗತ್ತಿನ ಪತ್ರಿಕೆಗಳೆಲ್ಲ ಬರೆದವು.

ಅದೇ 1998ರಲ್ಲಿ ಕಾರ್ಗಿಲ್ ತನ್ನ ಅಂತರರಾಷ್ಟ್ರೀಯ ಬೀಜ ವ್ಯಾಪಾರವನ್ನ ಮೊನ್ಸಾಂಟೋಗೆ ಮಾರಿತು. 2002ರಲ್ಲಿ ಬಿ.ಟಿ. ಹತ್ತಿಗೆ ಒಪ್ಪಿಗೆ ಸಿಕ್ಕಿತು. ಬೆಂಕಿಯ ಸುದ್ದಿ ಆಗ್ತಿದ್ದಾಗ ನಮ್ಮ ಊರುಗಳಲ್ಲಿ ಸದ್ದಿಲ್ಲದೆ ಇನ್ನೊಂದು ನಡೀತಿತ್ತು. ಗೊಬ್ಬರದ ಅಂಗಡಿಯಲ್ಲಿ ಗೋವಿನಜೋಳದ ಚೀಲ ಬಂದು ಕೂತಿತ್ತು. ಯಾರೂ ಅದಕ್ಕೆ ಕಲ್ಲು ಹೊಡೀಲಿಲ್ಲ. ಕೋಳಿ ಫಾರಂಗೆ ಬೇಕು, ಪಿಷ್ಟದ ಕಾರ್ಖಾನೆಗೆ ಬೇಕು, ಹಕ್ಕಿ ಕಾಯೋ ಕಾಟ ಕಮ್ಮಿ, ರೊಕ್ಕ ಜಲ್ದಿ. ಹತ್ತಿ ಬಿಟ್ಟವರು, ಬಿಳಿಜೋಳ ಬಿಟ್ಟವರು ಎಲ್ಲ ಅದಕ್ಕೇ ಬಂದರು. ಹಾನಗಲ್ಲಿನ ಭತ್ತದ ಕೆಲವು ಹೊಲಗಳೂ ಬಂದವು. ಅವ್ವನಿಗಂತೂ ಖುಷಿ. ನಮ್ಮಜ್ಜಿ ಮಾತ್ರ ಬೂದಿ ಕಲಸಿ ಜೋಳದ ಬೀಜ ಇಡುತ್ತಿದ್ದ ಗಡಿಗೆ ತೊಳೆದು ಬೋರಲು ಹಾಕಿ, "ಇನ್ನ ಮ್ಯಾಲೆ ಮಿರಗದ ಮಳಿ ಬಂದ್ರ ಮುಗಲ ನೋಡೂದಲ್ಲ, ಅಂಗಡಿ ಬಾಗಲಾ ನೋಡೂದು" ಅಂದಿದ್ದಳಂತೆ.

ಈಗ ಸ್ವಲ್ಪ ಥಿಯರಿ, ಓಡಿಹೋಗಬೇಡಿ. ಸ್ಟೀಫನ್ ಹೈಮರ್ ಅಂತ ಕೆನಡಾದವನೊಬ್ಬ 1960ರಲ್ಲಿ ತನ್ನ ಪಿಎಚ್.ಡಿ.ಯಲ್ಲಿ ಒಂದು ಸರಳ ಪ್ರಶ್ನೆ ಕೇಳಿದ. ಪರದೇಶದ ಕಂಪನಿಗೆ ಭಾಷೆ ಗೊತ್ತಿಲ್ಲ, ಜನ ಗೊತ್ತಿಲ್ಲ, ಕಾನೂನು ಗೊತ್ತಿಲ್ಲ. ಹಾಗಿದ್ದೂ ಊರವರ ಮುಂದೆ ಹೇಗೆ ಗೆಲ್ಲುತ್ತದೆ? ಊರವರ ಬಳಿ ಇಲ್ಲದ ಏನೋ ಒಂದು ಅದರ ಕೈಯಲ್ಲಿರಬೇಕು, ಅದನ್ನ ಬಿಟ್ಟುಕೊಡದೆ ಹಿಡಿದುಕೊಂಡಿರಬೇಕು ಅನ್ನೋದು ಅವನ ಉತ್ತರ. ಆಮೇಲೆ ಜಾನ್ ಡನ್ನಿಂಗ್ ಇದಕ್ಕೆ ಇನ್ನೆರಡು ಪ್ರಶ್ನೆ ಸೇರಿಸಿದ: ಯಾವ ಜಾಗದಲ್ಲಿ ಮಾಡೋದು ಲಾಭ? ಯಾವ ಕೆಲಸ ತಾನೇ ಮಾಡಬೇಕು, ಯಾವುದನ್ನ ಹೊರಗೆ ಕೊಡಬೇಕು?

ಬೀಜದ ಕಂಪನಿಗೆ ಹಾಕಿ ನೋಡಿ. ಕೈಯಲ್ಲಿರೋದು ಆ ಎರಡು ಮೂಲ ತಳಿ, ಗಂಡು ಮತ್ತು ಹೆಣ್ಣು. ಅದನ್ನ ಯಾರಿಗೂ ಮಾರೋದಿಲ್ಲ. ಜಾಗ, ಕ್ರಾಸಿಂಗ್ ಬಲ್ಲ ಕೈಗಳಿರೋ ನಮ್ಮಂಥ ಊರು. ಹೊಲ, ನೀರು, ಕೂಲಿ, ಮಳೆ ಕೈಕೊಡೋ ಭಯ ಇಷ್ಟೂ ಹೊರಗೆ. ಇದನ್ನ ನಡೆಸೋಕೆ ಊರಲ್ಲೇ ಒಬ್ಬ 'ಆರ್ಗನೈಸರ್'. ಮೂಲ ಬೀಜ ಕೊಡೋನೂ ಅವನೇ, ಮುಂಗಡ ಕೊಡೋನೂ ಅವನೇ. ಹೇಳಿದ್ದೆನಲ್ಲ, ದಲ್ಲಾಳಿ ಮತ್ತೆ ಬರ್ತಾನೆ ಅಂತ.

ನಾನು ಎಂಟನೇ ಕ್ಲಾಸಿನಲ್ಲಿದ್ದಾಗ ನಮ್ಮ ಮನೆಯಲ್ಲೂ ಒಂದು ಎಕರೆ ಹತ್ತಿ ಸೀಡ್ಸ್ ಪ್ಲಾಟ್ ಹಾಕಿದ್ದರು. ಕಂಪನಿ ಹೆಸರು ಹೇಳೋದಿಲ್ಲ. ಅಕ್ಕ ಹತ್ತನೇ ಕ್ಲಾಸು. ಆ ಹಂಗಾಮಿನಲ್ಲಿ ಅವಳು ಶಾಲೆಗೆ ಹೋದದ್ದಕ್ಕಿಂತ ಹೊಲಕ್ಕೆ ಹೋದದ್ದು ಹೆಚ್ಚು. ಬೆರಳು ಸಣ್ಣವು, ಮೊಗ್ಗು ಬಿಡಿಸೋಕೆ ಬೇಗ ಆಗ್ತದೆ ಅಂತ ಎಲ್ಲರೂ ಹೊಗಳೋರು. ಬೀಜ ತೂಕ ಆಗಿ ಹೋಯಿತು. ತಿಂಗಳುಗಟ್ಟಲೆ ಆದ ಮೇಲೆ ಆರ್ಗನೈಸರ್ ಕಾಕಾ ಬಂದು, "ಲ್ಯಾಬಿನಾಗ ಫೇಲ್ ಆಗೇತಿ ಅಣ್ಣಾ, ಬ್ಯಾರೆ ತಳಿ ಬೆರಕಿ ಬಂದೈತಂತ" ಅಂದ. ಮುಂಗಡದ ಬಡ್ಡಿ ಮಾತ್ರ ನಿಂತಿರಲಿಲ್ಲ.

ಅಪ್ಪ ಯಾರನ್ನ ಕೇಳಬೇಕಿತ್ತು? ಕಂಪನಿಯ ಜೊತೆ ಅವರ ಸಹಿ ಇರುವ ಒಂದು ಕಾಗದವೂ ಇರಲಿಲ್ಲ. ಇದ್ದದ್ದು ಆರ್ಗನೈಸರ್ ಡೈರಿಯ ಒಂದು ಪುಟ. ಕಂಪನಿಯ ಬೀಜ ಬೆಳೆದದ್ದು ಅಪ್ಪ, ಕಂಪನಿಯ ಲೆಕ್ಕದಲ್ಲಿ ಅಪ್ಪ ಅನ್ನೋ ಮನುಷ್ಯನೇ ಇಲ್ಲ. ಯಾವ ಕೆಲಸ ಕಂಪನಿಯ ಒಳಗೆ, ಯಾವುದು ಹೊರಗೆ ಅಂತ ಥಿಯರಿ ಪುಸ್ತಕದಲ್ಲಿ ಒಂದು ಗೆರೆ ಎಳೀತಾರಲ್ಲ, ಆ ಗೆರೆ ನಮ್ಮ ಬದುವಿನ ಮೇಲೆಯೇ ಹಾದುಹೋಗಿತ್ತು. ಅಕ್ಕ ಆ ವರ್ಷ ಗಣಿತದಲ್ಲಿ ಫೇಲಾದಳು. ಮತ್ತೆ ಕಟ್ಟಲಿಲ್ಲ.

ಆಮೇಲೆ ದೊಡ್ಡವರು ದೊಡ್ಡವರನ್ನ ಕೊಂಡುಕೊಂಡ ವರ್ಷಗಳು ಬಂದವು. 2017ರಲ್ಲಿ ಚೀನಾದ ಸರ್ಕಾರಿ ಕಂಪನಿ ಸಿಂಜೆಂಟಾ ಕೊಂಡಿತು. 2018ರಲ್ಲಿ ಜರ್ಮನಿಯ ಬಾಯರ್ ಮೊನ್ಸಾಂಟೋವನ್ನ ಕೊಂಡು ಆ ಹೆಸರನ್ನೇ ಅಳಿಸಿತು. ಪಯೋನಿಯರ್ 2019ರಲ್ಲಿ ಕಾರ್ಟೆವಾ ಅನ್ನೋ ಹೊಸ ಕಂಪನಿಯ ಪಾಲಾಯಿತು. ನಮ್ಮ ಅಟ್ಟದ ಚೀಲಗಳ ಒಗಟು ಇಷ್ಟೇ. ಅದೇ 2018ರಲ್ಲಿ ಇನ್ನೊಬ್ಬ ಪರದೇಶಿ ಬಂದ, ಯಾವ ಲೈಸೆನ್ಸೂ ಇಲ್ಲದೆ: ಅಮೆರಿಕ ಖಂಡದ ಫಾಲ್ ಸೈನಿಕ ಹುಳು. ಭಾರತದಲ್ಲಿ ಮೊದಲು ಕಂಡದ್ದು ನಮ್ಮ ಪಕ್ಕದ ಶಿವಮೊಗ್ಗ ಜಿಲ್ಲೆಯ ಗೋವಿನಜೋಳದಲ್ಲಿ. ಅಲ್ಲಿಂದ ಹಿರೇಕೆರೂರಿಗೆ ಎಷ್ಟು ದೂರ ಹೇಳಿ. ಈಗ ಬೀಜದ ಜೊತೆ ಎಣ್ಣೆ ಹೊಡೆಯೋ ಖರ್ಚೂ ಸೇರಿದೆ. ಬೀಜ ಮಾರೋ ದೊಡ್ಡ ಕಂಪನಿಗಳೇ ಎಣ್ಣೆಯನ್ನೂ ಮಾರ್ತಾವೆ.

ಈ ಸಲ ಅಪ್ಪ ಬಾವಿಯ ಕಡೆ ನಾಲ್ಕು ಸಾಲು ಬಿಳಿಜೋಳ ಹಾಕಿದ್ದಾರೆ. ಬೀಜ ಎಲ್ಲಿ ಸಿಕ್ಕಿತು ಅಂದೆ. ಶಿಗ್ಗಾಂವಿಯ ಕಡೆ ಒಬ್ಬ ಬೀಗರ ಮನೆಯಿಂದ ಎರಡು ಸೇರು ತಂದೆ ಅಂದರು. ಉಳಿದ ಮೂರೂವರೆ ಎಕರೆಗೆ ಚೀಲ ತರೋಕೆ ನನ್ನನ್ನೇ ಅಂಗಡಿಗೆ ಕಳಿಸಿದರು.

ನಿಮ್ಮ ಮನೆಯಲ್ಲೂ ಬೀಜದ ಖಾಲಿ ಚೀಲ ಇದ್ದರೆ ಹಿಂದೆ ತಿರುಗಿಸಿ, ಸಣ್ಣ ಅಕ್ಷರ ಓದಿ. ಯಾವ ವರ್ಷದ್ದು, ಯಾರ ಹೆಸರಿದೆ ಅಂತ ಒಂದು ವಾಯ್ಸ್ ನೋಟ್ ಕಳಿಸಿ. ಸೀಡ್ಸ್ ಪ್ಲಾಟ್‌ನಲ್ಲಿ ಕ್ರಾಸಿಂಗ್ ಮಾಡಿದ ಅಕ್ಕಂದಿರು ಯಾರಾದರೂ ಕೇಳ್ತಿದ್ದರೆ, ನೀವು ಮೊದಲು ಕಳಿಸಿ.