ಸಾಕು ಮರಗಪ್ಪೆಗಳಲ್ಲಿ ಪೋಷಕಾಂಶಗಳ ಕೊರತೆ

ಆಸ್ಟ್ರೇಲಿಯಾ ಮೂಲದ ಹಸಿರು ಮರಗಪ್ಪೆಯನ್ನು ಇಂದು ಹಲವು ದೇಶಗಳಲ್ಲಿ ಗಾಜಿನ ಪೆಟ್ಟಿಗೆಯಲ್ಲಿಟ್ಟು ಸಾಕುತ್ತಾರೆ. ಹೊಟ್ಟೆ ತುಂಬ ತಿಂದರೂ ಅದು ಸೊರಗಬಹುದು. ಅಂಗಡಿಯ ಕ್ರಿಕೆಟ್ ಹುಳುಗಳಲ್ಲಿ ರಂಜಕ ಹೆಚ್ಚು, ಕ್ಯಾಲ್ಸಿಯಂ ತೀರ ಕಡಿಮೆ.

ಕ್ಯಾಲ್ಸಿಯಂ ಅಥವಾ ಜೀವಸತ್ವ ಡಿ3 ಸಾಲದಾದಾಗ ಶರೀರವು ಮೂಳೆಗಳನ್ನೇ ಕರಗಿಸಿಕೊಳ್ಳುತ್ತದೆ. ಕೆಳದವಡೆ ಮೆತ್ತಗಾಗುತ್ತದೆ, ಕಾಲುಗಳು ಬಾಗುತ್ತವೆ, ಬೆರಳುಗಳು ಅದುರುತ್ತವೆ. ಮೈ ಸೆಟೆದುಕೊಂಡರೆ ಅಂದೇ ಉಭಯವಾಸಿಗಳನ್ನು ಬಲ್ಲ ಪಶುವೈದ್ಯರ ಬಳಿಗೆ ಒಯ್ಯಬೇಕು.

ಜೀವಸತ್ವ ಎ ಕೊರತೆಯನ್ನು ಗುರುತಿಸುವುದು ಇನ್ನೂ ಕಷ್ಟ. ನಾಲಿಗೆಯ ಲೋಳೆಗ್ರಂಥಿಗಳು ಕೆಟ್ಟು ಅಂಟು ಇಲ್ಲವಾಗುತ್ತದೆ; ಕಪ್ಪೆ ಹುಳುವಿನತ್ತ ಎಗರಿದರೂ ಅದನ್ನು ಹಿಡಿಯಲಾರದು. ಒಡೆಯರು ಇದನ್ನು ಹಸಿವಿಲ್ಲದಿರುವಿಕೆ ಎಂದೇ ಭಾವಿಸುವುದುಂಟು. ಕ್ಯಾರೆಟ್ಟಿನಲ್ಲಿರುವ ಬೀಟಾ ಕ್ಯಾರೊಟಿನ್ ಅನೇಕ ಕಪ್ಪೆಗಳಿಗೆ ಸಾಲದು. ಪೂರಕ ಪುಡಿಯಲ್ಲಿ ರೆಟಿನಾಲ್ ಇರಬೇಕು. ಆದರೆ ಅದು ಮಿತಿಮೀರಿದರೆ ಡಿ3ರ ಕೆಲಸಕ್ಕೆ ಅಡ್ಡಿಯಾಗುವುದರಿಂದ ಪ್ರಮಾಣವನ್ನು ವೈದ್ಯರೇ ನಿರ್ಧರಿಸಲಿ.

ಮನೆಯ ಚಿಕಿತ್ಸೆ ಹೆಚ್ಚಾಗಿ ಹುಳುವಿನ ಮೂಲಕ ನಡೆಯುತ್ತದೆ. ಹಿಂದಿನ ದಿನವೇ ಅದಕ್ಕೆ ಕ್ಯಾಲ್ಸಿಯಂಭರಿತ ಆಹಾರ ತಿನ್ನಿಸಿ, ಕಪ್ಪೆಗೆ ಕೊಡುವ ಕ್ಷಣದಲ್ಲಿ ಪುಡಿಯಲ್ಲಿ ಹೊರಳಿಸಬೇಕು. ತಡವಾದರೆ ಹುಳು ಮೈಯನ್ನು ಒರೆಸಿಕೊಂಡುಬಿಡುತ್ತದೆ. ಯುವಿಬಿ ದೀಪವನ್ನು ಬಲೆಯ ಮುಚ್ಚಳದ ಮೇಲಿಡಬೇಕು, ಏಕೆಂದರೆ ಸಾಮಾನ್ಯ ಗಾಜು ಆ ಕಿರಣಗಳನ್ನು ತಡೆಯುತ್ತದೆ. ಮೆತ್ತಗಾದ ಮೂಳೆ ಮತ್ತೆ ಗಟ್ಟಿಯಾಗಬಹುದು; ಬಾಗಿದ್ದು ಬಹುಮಟ್ಟಿಗೆ ಹಾಗೆಯೇ ಉಳಿಯುತ್ತದೆ.