ಪರಮಾಣು ಸರಪಳಿಗಳ ಜಾರಿಕೆ: ಒಂದು ಮಾದರಿಯ ಚರಿತ್ರೆ ಮತ್ತು ಸಿಂಗಾಪುರ

ಎರಡು ಮೇಲ್ಮೈಗಳು ಜಾರುವಾಗ ಪರಮಾಣುಗಳ ಮಟ್ಟದಲ್ಲಿ ನಡೆಯುವುದನ್ನು ಲೆಕ್ಕಕ್ಕೆ ಒಗ್ಗಿಸುವ ಸರಳ ಸಾಧನಗಳಲ್ಲಿ ಫ್ರೆಂಕೆಲ್–ಕೊಂಟೊರೊವಾ ಮಾದರಿ ಮುಖ್ಯವಾದದ್ದು. ಯಾಕೊವ್ ಫ್ರೆಂಕೆಲ್ ಮತ್ತು ತತಿಯಾನಾ ಕೊಂಟೊರೊವಾ 1938ರಲ್ಲಿ ಇದನ್ನು ರೂಪಿಸಿದ್ದು ಹರಳುಗಳ ಒಳಗಿನ ಪದರಗಳು ಸರಿಯುವುದನ್ನು ವಿವರಿಸಲು. ಚನ್ನೆಮಣೆಯ ಕುಳಿಗಳ ಮೇಲೆ ಸ್ಪ್ರಿಂಗಿನಿಂದ ಪೋಣಿಸಿದ ಮಣಿಗಳ ಸಾಲನ್ನು ಊಹಿಸಿಕೊಳ್ಳಬಹುದು. ಮಣಿಗಳ ಅಂತರವೂ ಕುಳಿಗಳ ಅಂತರವೂ ಒಂದೇ ಆದರೆ ಎಲ್ಲ ಮಣಿಗಳೂ ಒಟ್ಟಿಗೆ ಕುಳಿಗಿಳಿಯುತ್ತವೆ; ಸಾಲನ್ನು ಕದಲಿಸುವುದು ಕಷ್ಟ. ಎರಡು ಅಂತರಗಳ ಅನುಪಾತ ಅಭಾಗಲಬ್ಧವಾಗಿದ್ದು, ಕುಳಿಗಳ ಹಿಡಿತಕ್ಕಿಂತ ಸ್ಪ್ರಿಂಗುಗಳು ಸಾಕಷ್ಟು ಬಿಗಿಯಾಗಿದ್ದರೆ, ಒಂದು ಮಣಿ ಏರುವಾಗ ಇನ್ನೊಂದು ಇಳಿಯುತ್ತದೆ, ಸ್ಥಾಯಿ ಘರ್ಷಣೆ ಸೊನ್ನೆಯಾಗುತ್ತದೆ. ಈ ಬದಲಾವಣೆಗೆ ಖಚಿತವಾದ ಹೊಸ್ತಿಲಿದೆಯೆಂದು ಸೆರ್ಜ್ ಓಬ್ರಿ ಮತ್ತು ಮಿಶೆಲ್ ಪೆಯ್ರಾರ್ 1983ರಲ್ಲಿ ವಿವರಿಸಿದರು. 2004ರಲ್ಲಿ ಲೈಡನ್‌ನ ಪ್ರಯೋಗಕಾರರು ಗ್ರಾಫೈಟಿನ ಮೇಲೆ ಗ್ರಾಫೈಟಿನ ಚೂರನ್ನು ತಿರುಗಿಸುತ್ತಾ ಜಾರಿಸಿದಾಗ, 60 ಡಿಗ್ರಿಗೊಮ್ಮೆ ಮಾತ್ರ ಘರ್ಷಣೆ ಏರಿ, ನಡುವಿನ ಕೋನಗಳಲ್ಲಿ ಬಹುತೇಕ ಮಾಯವಾಯಿತು.

ಅದೇ 2004ರಲ್ಲಿ ಸಿಂಗಾಪುರ ರಾಷ್ಟ್ರೀಯ ವಿಶ್ವವಿದ್ಯಾಲಯದ ಲೀ ಬಾವೊವೆನ್ ಮತ್ತು ವಾಂಗ್ ಲೇ, ಇಟಲಿಯ ಜೂಲಿಯೊ ಕಸಾಟಿಯವರೊಂದಿಗೆ ಇದೇ ಬಗೆಯ ಎರಡು ಸರಪಳಿಗಳನ್ನು ಜೋಡಿಸಿ, ಶಾಖವನ್ನು ಒಂದೇ ದಿಕ್ಕಿಗೆ ಹರಿಯಬಿಡುವ ಉಷ್ಣ ಡಯೋಡಿನ ಲೆಕ್ಕವನ್ನು ಪ್ರಕಟಿಸಿದರು. ತಣ್ಣಗಿರುವ ಪರಮಾಣುಗಳು ಕುಳಿಯಲ್ಲಿ ಸಿಕ್ಕಿಬಿದ್ದು ಮೇಲಿನ ಆವರ್ತನಗಳಲ್ಲೇ ಕಂಪಿಸುತ್ತವೆ. ಬಿಸಿಯಾದವು ಕುಳಿ ದಾಟಿ ತಗ್ಗಿನ ಆವರ್ತನಗಳಿಗೂ ಇಳಿಯುತ್ತವೆ. ಎರಡು ಭಾಗಗಳ ಆವರ್ತನಗಳು ಹೊಂದಿದರೆ ಶಾಖ ದಾಟುತ್ತದೆ, ಹೊಂದದಿದ್ದರೆ ನಿಲ್ಲುತ್ತದೆ. ಉಷ್ಣ ಟ್ರಾನ್ಸಿಸ್ಟರ್ 2006ರಲ್ಲಿ, ಉಷ್ಣ ತರ್ಕದ್ವಾರಗಳು 2007ರಲ್ಲಿ ಇದೇ ಗುಂಪಿನಿಂದ ಬಂದವು.

ಶಾಖದ ಕಥೆಗೂ ಘರ್ಷಣೆಯ ಚರಿತ್ರೆಗೂ ಏನು ನಂಟು ಎಂದು ಕೇಳುವುದು ನ್ಯಾಯವೇ. ಸಿಂಗಾಪುರದ ಈ ಬರಹಗಳ ವಿಷಯ ಜಾರಿಕೆಯಲ್ಲ, ನಿಜ. ಆದರೆ ಸ್ಥಾಯಿ ಘರ್ಷಣೆ ಸೊನ್ನೆಯಾದ ಸರಪಳಿಯೂ ಚಲಿಸತೊಡಗಿದ ಮೇಲೆ ಶಕ್ತಿ ಕಳೆದುಕೊಳ್ಳುತ್ತದೆ. ಕನ್ಸೋಲಿ, ನಾಪ್ಸ್ ಮತ್ತು ಫಸೊಲಿನೊ 2000ರಲ್ಲಿ ತೋರಿಸಿದಂತೆ, ಜಾರುವ ಚಲನೆ ಸರಪಳಿಯ ಕಂಪನಗಳೊಂದಿಗೆ ಅನುರಣಿಸಿ ಅವುಗಳಿಗೆ ತನ್ನ ಶಕ್ತಿಯನ್ನು ಸುರಿಯುತ್ತದೆ. ಹಾಗಾದರೆ ಘರ್ಷಣೆ ಎಷ್ಟು ಎಂಬ ಪ್ರಶ್ನೆಯ ಅರ್ಧ ಉತ್ತರ, ಆ ಕಂಪನಗಳು ಎಲ್ಲಿಗೆ ಹೋಗುತ್ತವೆ, ಎಲ್ಲಿ ನಿಲ್ಲುತ್ತವೆ ಎಂಬುದರಲ್ಲಿದೆ. ಸಿಂಗಾಪುರದವರು ಬಿಡಿಸಿದ್ದು ಇದೇ ಗಂಟನ್ನು.

ಒಂದೇ ಆಯಾಮದ ಸರಪಳಿ ಬರೀ ಆಟಿಕೆ ಎಂಬ ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು. 2006ರಲ್ಲಿ ಬರ್ಕ್ಲಿಯ ಸಂಶೋಧಕರು ಒಂದು ತುದಿಗೆ ಭಾರ ಹಚ್ಚಿದ ನ್ಯಾನೊ ಕೊಳವೆಯಲ್ಲಿ ಅಳೆದ, ಎರಡು ದಿಕ್ಕುಗಳ ಶಾಖದ ಹರಿವಿನ ನಡುವಿನ ವ್ಯತ್ಯಾಸ ಕೆಲವೇ ಶೇಕಡಾ. ಲೆಕ್ಕದ ಡಯೋಡ್ ಕೊಡುವ ವ್ಯತ್ಯಾಸಕ್ಕೆ ಅದು ಹತ್ತಿರವೂ ಇಲ್ಲ. ಆದರೂ ಮಾದರಿ ಗೆಲ್ಲುವುದು ತನ್ನ ಷರತ್ತುಗಳನ್ನೇ ಪ್ರಯೋಗಾಲಯದಲ್ಲಿ ಕಟ್ಟಿದಾಗ. 2015ರಲ್ಲಿ ಎಂಐಟಿಯ ವ್ಲಾಡನ್ ವುಲೆಟಿಕ್ ಅವರ ತಂಡ ಬೆಳಕಿನ ಅಲೆಯನ್ನೇ ಕುಳಿಗಳಾಗಿಸಿ ಅದರ ಮೇಲೆ ಅಯಾನುಗಳ ಸಾಲನ್ನು ಜಾರಿಸಿತು. ಅಯಾನುಗಳ ಅಂತರವನ್ನು ಕುಳಿಗಳ ಅಂತರಕ್ಕೆ ಹೊಂದದಂತೆ ಮಾಡಿದಾಗ ಘರ್ಷಣೆ ಬಹುತೇಕ ಇಲ್ಲವಾಯಿತು, ಹೊಂದಿಸಿದಾಗ ಮರಳಿತು. ಆಟಿಕೆಯೆಂದು ತಳ್ಳಿಹಾಕುವವರಿಗೆ ಇದು ಸಾಕಷ್ಟು ಉತ್ತರ. ಸಿಂಗಾಪುರದ ಲೆಕ್ಕಗಳಿಗೆ ಘರ್ಷಣೆಯ ಚರಿತ್ರೆಯಲ್ಲಿ ಸ್ಥಾನ ಕೊಡದಿದ್ದರೆ ಆ ಚರಿತ್ರೆ ಅರ್ಧವೇ ಆಗುತ್ತದೆ.