ಜಾಗತಿಕ ತಾಪಮಾನ ಏರಿಕೆ: ಕಾರಣ, ಇತಿಹಾಸ, ದೀರ್ಘಕಾಲೀನ ಪರಿಣಾಮ

ಭೂಮಿಯ ನೆಲಮಟ್ಟದ ಗಾಳಿಯ ಮತ್ತು ಸಮುದ್ರದ ಮೇಲ್ಪದರದ ಸರಾಸರಿ ಉಷ್ಣತೆ ದಶಕದಿಂದ ದಶಕಕ್ಕೆ ಹೆಚ್ಚುತ್ತಿರುವುದನ್ನು ಜಾಗತಿಕ ತಾಪಮಾನ ಏರಿಕೆ ಎನ್ನುತ್ತಾರೆ. 1850–1900ರ ಸರಾಸರಿಗೆ ಹೋಲಿಸಿದರೆ 2011–2020ರ ದಶಕದ ಉಷ್ಣತೆ ಸುಮಾರು 1.1 ಡಿಗ್ರಿ ಸೆಲ್ಸಿಯಸ್ ಹೆಚ್ಚಿತ್ತು. 2024ರಲ್ಲಿ ಇಡೀ ವರ್ಷದ ಸರಾಸರಿಯೇ ಮೊದಲ ಬಾರಿಗೆ 1.5 ಡಿಗ್ರಿ ದಾಟಿತು. ಕಲ್ಲಿದ್ದಲು, ಪೆಟ್ರೋಲಿಯಂ ಮತ್ತು ನೈಸರ್ಗಿಕ ಅನಿಲವನ್ನು ಉರಿಸುವುದೇ ಇದಕ್ಕೆ ಮುಖ್ಯ ಕಾರಣ.

ಕಾರಣಗಳು

ಬಿಸಿಲಿಗೆ ಕಾದ ನೆಲ ಆ ಶಾಖವನ್ನು ಕಣ್ಣಿಗೆ ಕಾಣದ ಅವಕೆಂಪು ಕಿರಣಗಳಾಗಿ ಹೊರಸೂಸುತ್ತದೆ. ನೀರಾವಿ, ಇಂಗಾಲದ ಡೈಆಕ್ಸೈಡ್, ಮೀಥೇನ್, ನೈಟ್ರಸ್ ಆಕ್ಸೈಡ್‌ಗಳು ಈ ಕಿರಣಗಳನ್ನು ಹೀರಿ ಒಂದು ಪಾಲನ್ನು ಮತ್ತೆ ನೆಲದತ್ತ ಕಳಿಸುತ್ತವೆ. ಈ ಹಸಿರುಮನೆ ಪರಿಣಾಮ ಇಲ್ಲದಿದ್ದರೆ ಭೂಮಿಯ ಸರಾಸರಿ ಉಷ್ಣತೆ ಈಗಿನ ಸುಮಾರು 15 ಡಿಗ್ರಿಯ ಬದಲು ಸೊನ್ನೆಗಿಂತ 18 ಡಿಗ್ರಿ ಕೆಳಗಿರುತ್ತಿತ್ತು. ತೊಂದರೆ ಇರುವುದು ಈ ಅನಿಲಗಳ ಹೆಚ್ಚಳದಲ್ಲಿ. ಪಳೆಯುಳಿಕೆ ಇಂಧನಗಳಿಂದಲೇ ವರ್ಷಕ್ಕೆ ಸುಮಾರು 3,700 ಕೋಟಿ ಟನ್ ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತಿದೆ. ಕಾಡು ಕಡಿಯುವುದರಿಂದಲೂ ಸಿಮೆಂಟಿಗಾಗಿ ಸುಣ್ಣಕಲ್ಲು ಸುಡುವುದರಿಂದಲೂ ಅದೇ ಅನಿಲ ಬರುತ್ತದೆ. ದನಕರು, ನೀರು ನಿಂತ ಭತ್ತದ ಗದ್ದೆ, ಕಸದ ರಾಶಿ, ಅನಿಲ ಬಾವಿಗಳ ಸೋರಿಕೆ ಮೀಥೇನ್‌ನ ಮೂಲಗಳು. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಸುಮಾರು ಶೇ 7ರಷ್ಟು ಹೆಚ್ಚು ನೀರಾವಿ ಹಿಡಿಯಬಲ್ಲದು. ನೀರಾವಿಯೂ ಶಾಖ ಹಿಡಿಯುವುದರಿಂದ ಬಿಸಿಯೇ ಬಿಸಿಯನ್ನು ಹೆಚ್ಚಿಸುತ್ತದೆ.

ಅರಿವಿನ ಇತಿಹಾಸ

ವಾಯುಮಂಡಲ ಶಾಖವನ್ನು ತಡೆದಿಡುತ್ತದೆ ಎಂಬ ವಿಚಾರವನ್ನು 1824ರಲ್ಲಿ ಮಂಡಿಸಿದವರು ಫ್ರಾನ್ಸಿನ ಗಣಿತಜ್ಞ ಜೋಸೆಫ್ ಫೂರಿಯೇ. 1856ರಲ್ಲಿ ಅಮೆರಿಕದ ಯೂನಿಸ್ ಫುಟ್ ಗಾಜಿನ ಕೊಳವೆಗಳಲ್ಲಿ ಉಷ್ಣಮಾಪಕ ಇಟ್ಟು, ಬೇರೆ ಬೇರೆ ಅನಿಲ ತುಂಬಿ, ಬಿಸಿಲಿಗೆ ಒಡ್ಡಿದರು. ಇಂಗಾಲದ ಡೈಆಕ್ಸೈಡ್ ತುಂಬಿದ ಕೊಳವೆ ಎಲ್ಲಕ್ಕಿಂತ ಹೆಚ್ಚು, ಸುಮಾರು 52 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿತು. ನೆರಳಿಗೆ ತಂದ ಮೇಲೆ ಆರಲು ಬಹಳ ಹೊತ್ತು ಹಿಡಿಯಿತು. ವಾತಾವರಣದಲ್ಲಿ ಈ ಅನಿಲ ಹೆಚ್ಚಿದರೆ ಭೂಮಿ ಬಿಸಿಯಾಗುತ್ತದೆ ಎಂದು ಅವರು ಆಗಲೇ ಬರೆದರು. ಅನಿಲಗಳು ಹೀರುವುದು ಅವಕೆಂಪು ಶಾಖವನ್ನು ಎಂಬುದನ್ನು 1859ರಲ್ಲಿ ಲಂಡನ್ನಿನಲ್ಲಿ ಜಾನ್ ಟಿಂಡಾಲ್ ಪ್ರಯೋಗದಿಂದ ತೋರಿಸಿದರು.

ಇಂಗಾಲದ ಡೈಆಕ್ಸೈಡ್ ಇಮ್ಮಡಿಯಾದರೆ ಉಷ್ಣತೆ 5–6 ಡಿಗ್ರಿ ಏರಬಹುದೆಂದು 1896ರಲ್ಲಿ ಸ್ವೀಡನ್ನಿನ ಸ್ವಾಂಟೆ ಅರೇನಿಯಸ್ ಲೆಕ್ಕ ಹಾಕಿದರು. ಚಳಿನಾಡಿನವರಾದ ಅವರು ಇದನ್ನು ಅಪಾಯ ಎಂದುಕೊಳ್ಳಲಿಲ್ಲ. ಹವೆ ಹಿತವಾಗಿ ಬೆಳೆ ಹೆಚ್ಚೀತು ಎಂದೇ ನಿರೀಕ್ಷಿಸಿದರು. 1938ರಲ್ಲಿ ಇಂಗ್ಲೆಂಡಿನ ಆವಿಯಂತ್ರಗಳ ಎಂಜಿನಿಯರ್ ಗೈ ಕ್ಯಾಲೆಂಡರ್ 147 ಹವಾಮಾನ ಕೇಂದ್ರಗಳ ದಾಖಲೆ ಒಟ್ಟುಗೂಡಿಸಿ, ಭೂಮಿ ಆಗಲೇ ಬಿಸಿಯಾಗುತ್ತಿದೆ ಎಂದು ತೋರಿಸಿದರು. ಹೆಚ್ಚಿನ ವಿಜ್ಞಾನಿಗಳು ಒಪ್ಪಲಿಲ್ಲ. ಹೆಚ್ಚುವರಿ ಅನಿಲವನ್ನೆಲ್ಲ ಸಮುದ್ರ ಹೀರಿಕೊಳ್ಳುತ್ತದೆ ಎಂಬುದು ಆಗಿನ ನಂಬಿಕೆ.

ಆ ನಂಬಿಕೆಯನ್ನು ಅಳಿಸಿದ್ದು ಅಳತೆ. ಚಾರ್ಲ್ಸ್ ಡೇವಿಡ್ ಕೀಲಿಂಗ್ 1958ರ ಮಾರ್ಚ್‌ನಲ್ಲಿ ಹವಾಯಿಯ ಮೌನಾ ಲೋವಾ ಜ್ವಾಲಾಮುಖಿಯ ಮೇಲೆ, ಸುಮಾರು 3,400 ಮೀಟರ್ ಎತ್ತರದಲ್ಲಿ, ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡ್‌ನ ಮಾಪನ ಆರಂಭಿಸಿದರು. ಮೊದಲ ಅಳತೆ ಹತ್ತು ಲಕ್ಷಕ್ಕೆ 313 ಭಾಗ. ಅವರ ನಕ್ಷೆಯ ಗೆರೆ ಪ್ರತಿವರ್ಷ ಮೇ ತಿಂಗಳಲ್ಲಿ ಏರಿ, ಉತ್ತರಾರ್ಧ ಗೋಳದ ಗಿಡಮರಗಳು ಚಿಗುರಿ ಅನಿಲ ಹೀರತೊಡಗಿದ ಮೇಲೆ ಇಳಿಯುತ್ತದೆ. ಆದರೆ ಮುಂದಿನ ವರ್ಷದ ಏರಿಕೆ ಹಿಂದಿನದಕ್ಕಿಂತ ಮೇಲೆಯೇ ನಿಲ್ಲುತ್ತದೆ. 2024ರ ಸರಾಸರಿ 420 ಭಾಗ ಮೀರಿತ್ತು. ಅಂಟಾರ್ಕ್ಟಿಕದ ಹಿಮದೊಳಗೆ ಸಿಕ್ಕಿಕೊಂಡ ಹಳೆಯ ಗಾಳಿಗುಳ್ಳೆಗಳ ಪ್ರಕಾರ ಕೈಗಾರಿಕೆಗಳಿಗೆ ಮುಂಚೆ ಇದು ಸುಮಾರು 280. ಹಿಂದಿನ ಎಂಟು ಲಕ್ಷ ವರ್ಷಗಳಲ್ಲಿ ಸುಮಾರು 300ನ್ನು ಮೀರಿರಲಿಲ್ಲ.

1967ರಲ್ಲಿ ಸ್ಯುಕುರೊ ಮನಾಬೆ ಮತ್ತು ರಿಚರ್ಡ್ ವೆದರಾಲ್ಡ್ ಕಂಪ್ಯೂಟರ್ ಮಾದರಿಯಿಂದ ಒಂದು ಮುನ್ಸೂಚನೆ ಕೊಟ್ಟರು: ಅನಿಲ ಹೆಚ್ಚಿದರೆ ಕೆಳಗಿನ ವಾಯುಪದರ ಬಿಸಿಯಾಗಿ ಮೇಲಿನ ಸ್ತರಗೋಳ ತಂಪಾಗುತ್ತದೆ. ಸೂರ್ಯನೇ ಕಾರಣನಾಗಿದ್ದರೆ ಎರಡೂ ಬಿಸಿಯಾಗಬೇಕಿತ್ತು. ಉಪಗ್ರಹಗಳು ಕಂಡದ್ದು ಮನಾಬೆ ಹೇಳಿದ್ದನ್ನೇ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಓದಿದ್ದ ವಿ. ರಾಮನಾಥನ್, ಫ್ರಿಜ್‌ಗಳಲ್ಲಿ ಬಳಸುತ್ತಿದ್ದ ಕ್ಲೋರೊಫ್ಲೋರೊಕಾರ್ಬನ್‌ಗಳು ಅಣುವಿಗೆ ಅಣು ಹೋಲಿಸಿದರೆ ಇಂಗಾಲದ ಡೈಆಕ್ಸೈಡ್‌ಗಿಂತ ಸಾವಿರಾರು ಪಟ್ಟು ಹೆಚ್ಚು ಶಾಖ ಹಿಡಿಯುತ್ತವೆ ಎಂದು 1975ರಲ್ಲಿ ತೋರಿಸಿದರು. 1988ರಲ್ಲಿ ವಿಶ್ವಸಂಸ್ಥೆಯ ಆಶ್ರಯದಲ್ಲಿ ಹವಾಮಾನ ಬದಲಾವಣೆಯ ಅಂತರಸರ್ಕಾರಿ ಸಮಿತಿ ರಚನೆಯಾಯಿತು. ರಿಯೊ (1992), ಕ್ಯೋಟೊ (1997), ಪ್ಯಾರಿಸ್ (2015) ಒಪ್ಪಂದಗಳು ಅದರ ನಂತರದವು.

ದೀರ್ಘಕಾಲೀನ ಪರಿಣಾಮಗಳು

ಹೆಚ್ಚುವರಿ ಶಾಖದಲ್ಲಿ ಶೇ 90ಕ್ಕೂ ಹೆಚ್ಚು ಪಾಲು ಸಮುದ್ರ ಸೇರಿದೆ. ನೀರು ಹಿಗ್ಗಿ, ಹಿಮನದಿಗಳು ಕರಗಿ 1901ರಿಂದ 2018ರೊಳಗೆ ಸಮುದ್ರಮಟ್ಟ ಸುಮಾರು 20 ಸೆಂಟಿಮೀಟರ್ ಏರಿದೆ. ಸಾಗರದಾಳ ಮತ್ತು ಹಿಮಹಾಸುಗಳು ನಿಧಾನವಾಗಿ ಸ್ಪಂದಿಸುವುದರಿಂದ ಏರಿಕೆ ಇಲ್ಲಿಗೇ ನಿಲ್ಲುವಂಥದ್ದಲ್ಲ. ತಾಪಮಾನವನ್ನು 1.5 ಡಿಗ್ರಿಗೆ ತಡೆದರೂ ಮುಂದಿನ 2,000 ವರ್ಷಗಳಲ್ಲಿ ಸಮುದ್ರ 2–3 ಮೀಟರ್ ಏರಲಿದೆ. 2 ಡಿಗ್ರಿಯಾದರೆ 2–6 ಮೀಟರ್. ಇಂಗಾಲದ ಡೈಆಕ್ಸೈಡ್ ಕರಗಿ ಸಮುದ್ರದ ನೀರು ಆಮ್ಲತೆಯತ್ತ ಸರಿಯುತ್ತಿದೆ. 2 ಡಿಗ್ರಿ ಏರಿಕೆಯಲ್ಲಿ ಹವಳದ ದಿಬ್ಬಗಳು ಬಹುತೇಕ ನಾಶವಾಗುತ್ತವೆ ಎಂಬುದು ಅಂತರಸರ್ಕಾರಿ ಸಮಿತಿಯ ಅಂದಾಜು.

ಭಾರತದಲ್ಲಿ 1901–2018ರ ನಡುವೆ ಸರಾಸರಿ ಉಷ್ಣತೆ ಸುಮಾರು 0.7 ಡಿಗ್ರಿ ಏರಿದೆ. 1951–2015ರಲ್ಲಿ ಮುಂಗಾರು ಮಳೆ ಸುಮಾರು ಶೇ 6ರಷ್ಟು ತಗ್ಗಿದೆ. ಗಂಗಾ ಬಯಲು ಮತ್ತು ಪಶ್ಚಿಮ ಘಟ್ಟಗಳಲ್ಲಿ ಈ ಕೊರತೆ ಎದ್ದು ಕಾಣುತ್ತದೆ ಎಂದು ಕೇಂದ್ರ ಭೂವಿಜ್ಞಾನ ಸಚಿವಾಲಯದ 2020ರ ವರದಿ ಹೇಳುತ್ತದೆ. ಒಟ್ಟು ಮಳೆ ತಗ್ಗಿದರೂ ಒಮ್ಮೆಲೇ ಸುರಿಯುವ ಭಾರೀ ಮಳೆ ಹೆಚ್ಚಿದೆ.

ಮೀಥೇನ್ ಹತ್ತು ಹನ್ನೆರಡು ವರ್ಷಗಳಲ್ಲಿ ಕಳೆದುಹೋಗುತ್ತದೆ. ಇಂಗಾಲದ ಡೈಆಕ್ಸೈಡ್‌ನ ಒಂದು ಪಾಲು ಸಾವಿರಾರು ವರ್ಷ ಗಾಳಿಯಲ್ಲಿ ಉಳಿಯುತ್ತದೆ. ಆದ್ದರಿಂದ ಹೊರಸೂಸುವಿಕೆ ಸೊನ್ನೆಗೆ ಬಂದ ದಿನ ಉಷ್ಣತೆಯ ಏರಿಕೆ ಹೆಚ್ಚುಕಡಿಮೆ ನಿಂತೀತು, ಆದರೆ ಏರಿದ್ದು ಶತಮಾನಗಳವರೆಗೆ ಇಳಿಯದು. 1850ರಿಂದ 2019ರವರೆಗೆ ಮನುಷ್ಯರು ಹೊರಬಿಟ್ಟ ಒಟ್ಟು ಇಂಗಾಲದ ಡೈಆಕ್ಸೈಡ್‌ನಲ್ಲಿ ಸುಮಾರು ಶೇ 42ರಷ್ಟು ಗಾಳಿಗೆ ಸೇರಿದ್ದು 1990ರಿಂದೀಚೆಗೆ. ಅಂತರಸರ್ಕಾರಿ ಸಮಿತಿಯ ಮೊದಲ ವರದಿ ಪ್ರಕಟವಾದದ್ದೂ 1990ರಲ್ಲೇ.